ಸಹಾಯ ಬೇಕು: ಇನ್‌ಚಾರ್ಜ್ ಆಗಲಾ, ರೋಗಿಗಳ ಪಕ್ಕದಲ್ಲೇ ಉಳಿಯಲಾ?

ಎಲ್ಲರಿಗೂ ನಮಸ್ಕಾರ. ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿ 9 ವರ್ಷ ಆಯಿತು. ಈಗ ವಾರ್ಡ್ ಇನ್‌ಚಾರ್ಜ್ ಆಗಿ ಅಂತ ಕೇಳುತ್ತಿದ್ದಾರೆ. ಸಂಬಳ ಜಾಸ್ತಿ, ನೈಟ್ ಡ್ಯೂಟಿ ಇಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ.

ಕಳೆದ ವಾರ ರಾತ್ರಿ ಒಬ್ಬ ರೋಗಿಯ ಬಿಪಿ ಸರಿಯಾಗಿಯೇ ಇತ್ತು. ಉಸಿರಾಟ ಮಾತ್ರ 18ರಿಂದ 28ಕ್ಕೆ ಏರಿತ್ತು. ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದೆ, ಡಾಕ್ಟರನ್ನು ಕರೆದೆ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಹಾನಿಯಾಗುವ ಅಪಾಯದ ಸ್ಥಿತಿ) ಶುರುವಾಗಿತ್ತು. ಈ ಕಣ್ಣು ಸುಮ್ನೆ ಬಂದದ್ದಲ್ಲ. ಇನ್‌ಚಾರ್ಜ್ ಆದರೆ ಡ್ಯೂಟಿ ಪಟ್ಟಿ, ಸ್ಟಾಕ್ ಲೆಕ್ಕದ ನಡುವೆ ಅದು ಮಂಕಾಗುತ್ತದೆ ಅಲ್ವಾ? ಆದರೆ ಸೊಂಟ ನೋವು ಈಗಲೇ ಶುರುವಾಗಿದೆ. 50 ದಾಟಿದ ಮೇಲೆ ರೋಗಿಗಳನ್ನು ಮಗ್ಗುಲು ತಿರುಗಿಸೋಕೆ ಆಗುತ್ತಾ?

ಇನ್‌ಫೆಕ್ಷನ್ ಕಂಟ್ರೋಲ್, ಹೊಸಬರಿಗೆ ಕಲಿಸುವ ಕೆಲಸ, ಇಲ್ಲವೇ ಕ್ರಿಟಿಕಲ್ ಕೇರ್‌ನಲ್ಲಿ ಮುಂದಿನ ಓದು, ಇವುಗಳಲ್ಲಿ ಯಾವುದಕ್ಕಾದರೂ ಹೋದವರು ಇದ್ದೀರಾ? ಕೆಲಸ ಮಾಡುತ್ತಲೇ ಓದಿದಿರಾ, ರಜೆ ಹಾಕಿದಿರಾ? ದಯವಿಟ್ಟು ಹೇಳಿ. ತಿಂಗಳ ಕೊನೆಗೆ ಉತ್ತರ ಕೊಡಬೇಕು.