ಸಹಾಯ ಬೇಕು: ಲೇಸರ್ ಫೇಸ್ (ಅಲೆಯ ಏರಿಳಿತದ ಹಂತ) ಅಲುಗದಂತೆ ನಿಲ್ಲಿಸೋದು ಗೊತ್ತಿರೋರು ಪುಣೆಯಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ಪಾಷಾಣ್ ಕಡೆ ಪಿಎಚ್‌ಡಿ ಮಾಡ್ತಿದ್ದೀನಿ. ಈ ಗ್ರೂಪಿನಲ್ಲಿ ಬಾಡಿಗೆ ಮನೆ, ರೊಟ್ಟಿ ಖಾನಾವಳಿ ಬಿಟ್ಟು ಬೇರೆ ಕೇಳೋರು ಕಡಿಮೆ. ಆದ್ರೂ ಸಂಶೋಧನಾ ಸಂಸ್ಥೆಗಳಾದ ಐಸರ್, ಎನ್‌ಸಿಎಲ್, ಮುಂಬೈನ ಟಿಐಎಫ್‌ಆರ್‌ನಲ್ಲಿರೋ ಕನ್ನಡಿಗರ ಕಣ್ಣಿಗೆ ಬೀಳಲಿ ಅಂತ ಬರೀತಿದ್ದೀನಿ.

ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಮ್ ವೆಲ್ (ಕೆಲವೇ ನ್ಯಾನೋಮೀಟರ್ ದಪ್ಪದ ಸೆಮಿಕಂಡಕ್ಟರ್ ಪದರ) ಮೇಲೆ 2ಡಿ ಸ್ಪೆಕ್ಟ್ರೋಸ್ಕೋಪಿ ಮಾಡ್ಬೇಕು, ಅಂದ್ರೆ ಹೀರಿದ ಮತ್ತು ಹೊರಸೂಸಿದ ಬೆಳಕಿನ ಆವರ್ತನಗಳನ್ನ ಎರಡು ಅಕ್ಷದಲ್ಲಿಟ್ಟು ನಕ್ಷೆ ಬರೀಬೇಕು. ಸಾಮಾನ್ಯ ಸ್ಪೆಕ್ಟ್ರಮ್‌ನಲ್ಲಿ ಎಕ್ಸಿಟಾನ್ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿ) ಗೆರೆ ಅಗಲವಾಗಿದ್ರೆ, ಅದು ವೆಲ್ಲಿನ ದಪ್ಪ ಅಲ್ಲಲ್ಲಿ ಏರುಪೇರಾಗಿರೋದಕ್ಕೋ, ಎಕ್ಸಿಟಾನ್ ಬೇಗ ಡಿಫೇಸ್ ಆಗೋದಕ್ಕೋ (ಅಲೆಯ ತಾಳ ತಪ್ಪೋದಕ್ಕೋ) ಗೊತ್ತಾಗಲ್ಲ. 2ಡಿ ನಕ್ಷೆಯಲ್ಲಿ ಮೊದಲನೆಯದು ಕರ್ಣದ ಉದ್ದಕ್ಕೆ ಹರಡುತ್ತೆ, ಎರಡನೆಯದು ಅದಕ್ಕೆ ಅಡ್ಡಲಾಗಿ. ಅದಕ್ಕೇ ಇಷ್ಟೆಲ್ಲಾ ಪಾಡು.

ತೊಂದರೆ ಏನಂದ್ರೆ, ಸ್ಯಾಂಪಲ್‌ಗೆ ಒಂದರ ಹಿಂದೊಂದು ಬಿಡೋ ಲೇಸರ್ ಪಲ್ಸ್‌ಗಳಲ್ಲಿ ಮೊದಲೆರಡರ ನಡುವಿನ ಫೇಸ್ ನಿಲ್ತಿಲ್ಲ. 800 ನ್ಯಾನೋಮೀಟರ್ ಬೆಳಕಿಗೆ ದಾರಿ ಬರೀ 8 ನ್ಯಾನೋಮೀಟರ್ ಬದಲಾದ್ರೂ ಅಲೆಯ ನೂರರಲ್ಲೊಂದು ಪಾಲು ಹೋಯ್ತು. ಎಸಿ ಕಂಪ್ರೆಸರ್ ಆನ್ ಆದ ಮೇಲೆ ಫ್ರಿಂಜ್ (ಎರಡು ಬೆಳಕು ಸೇರಿದಾಗ ಮೂಡೋ ಪಟ್ಟೆ) ಮೆಲ್ಲಗೆ ಒಂದೇ ಕಡೆ ಜಾರುತ್ತೆ, ಆಫ್ ಆದ್ರೆ ವಾಪಸ್. ಟೇಬಲ್ ಸುತ್ತ ಅಕ್ರಿಲಿಕ್ ಪೆಟ್ಟಿಗೆ ಕಟ್ಟಿದ್ದೀವಿ. ನಡುಕ ನಿಂತಿದೆ, ಜಾರಾಟ ನಿಂತಿಲ್ಲ. ಈ ಫೇಸನ್ನ ತಾನೇ ಹಿಡಿದಿಡೋ ಪಲ್ಸ್ ಶೇಪರ್ ಉಪಕರಣಕ್ಕೆ ದುಡ್ಡಿಲ್ಲ (ಗೈಡ್ ಮುಂದೆ ಆ ಮಾತೇ ಎತ್ತೋ ಹಾಗಿಲ್ಲ).

ಹೀಲಿಯಂ-ನಿಯಾನ್ ಲೇಸರನ್ನ ಅದೇ ದಾರಿಯಲ್ಲಿ ಬಿಟ್ಟು, ಪಿಯೆಜೋ ಕನ್ನಡಿಯಿಂದ (ವೋಲ್ಟೇಜ್ ಕೊಟ್ರೆ ಒಂಚೂರೇ ಸರಿಯೋ ಕನ್ನಡಿ) ಫೇಸನ್ನ ಲಾಕ್ ಮಾಡಿದೋರು ಯಾರಾದ್ರೂ ಇದ್ದೀರಾ? ಇಲ್ಲಾ, ಲಾಕ್ ಗೋಜೇ ಬೇಡ, ಫೇಸ್ ಅಳೆದಿಟ್ಟು ಆಮೇಲೆ ಡೇಟಾದಲ್ಲಿ ಸರಿಮಾಡೋದು ಮೇಲೋ? ನನಗೆ ಎರಡನೇದೇ ಸರಿ ಅನ್ಸುತ್ತೆ, ಲ್ಯಾಬಿನಲ್ಲಿ ಯಾರೂ ಒಪ್ತಿಲ್ಲ. ಒಂದು ಸಂಜೆ ಬಂದು ಸೆಟಪ್ ನೋಡಿದ್ರೆ ಇನ್ನೂ ಒಳ್ಳೇದು. ಸ್ಯಾಂಪಲ್ ತಣ್ಣಗಿಡೋ ಕ್ರಯೋಸ್ಟಾಟ್‌ಗೆ ಹೀಲಿಯಂ ಮುಂದಿನ ವಾರ ಬರುತ್ತೆ, ಅಷ್ಟರೊಳಗೆ ಮೆಸೇಜ್ ಮಾಡಿ ಪ್ಲೀಸ್.