ಪ್ರೊಟಿಸ್ಟಾ ಸಾಮ್ರಾಜ್ಯ ಇನ್ನೂ ಬೇಕಾ? ವೈರಸ್‌ಗೆ ಎಲ್ಲಿ ಜಾಗ?

ಪಾಚಿಪ್ರೇಮಿ:
ನಾವೆಲ್ಲ ಶಾಲೆಯಲ್ಲಿ ಓದಿದ್ದು ಐದು ಸಾಮ್ರಾಜ್ಯ. ಮೊನೆರಾ (ಬ್ಯಾಕ್ಟೀರಿಯಾದಂಥ, ನ್ಯೂಕ್ಲಿಯಸ್ ಇಲ್ಲದವು), ಪ್ರೊಟಿಸ್ಟಾ (ಹೆಚ್ಚಾಗಿ ಒಂದೇ ಕೋಶದ, ನ್ಯೂಕ್ಲಿಯಸ್ ಇರುವವು), ಶಿಲೀಂಧ್ರ (ಅಣಬೆ, ಬೂಷ್ಟು), ಸಸ್ಯ, ಪ್ರಾಣಿ. ರಾಬರ್ಟ್ ವಿಟೇಕರ್ 1969ರಲ್ಲಿ ಮುಂದಿಟ್ಟ ಪಟ್ಟಿ ಅದು. ಅದರಲ್ಲಿ ಪ್ರೊಟಿಸ್ಟಾವನ್ನು ಒಂದು ಸಾಮ್ರಾಜ್ಯ ಅಂತ ಕಲಿಸುವುದನ್ನು ನಿಲ್ಲಿಸಬೇಕು ಎಂಬುದು ನನ್ನ ವಾದ.

ಅಮೀಬಾ, ಪ್ಯಾರಮೀಸಿಯಂ, ಯೂಗ್ಲಿನಾ ಮೂರರ ಚಿತ್ರವನ್ನೂ ಒಂದೇ ಪುಟದಲ್ಲಿ ಬರೆದು, ಒಂದೇ ಗುಂಪು ಅಂತ ನಂಬಿದೆವು. ಡಿಎನ್‌ಎ ಹೋಲಿಸಿ ನೋಡಿದರೆ ಕಥೆಯೇ ಬೇರೆ. ಅಮೀಬಾ ಪ್ಯಾರಮೀಸಿಯಂಗಿಂತ ನಮಗೆ ಹತ್ತಿರ. ನಮಗೆ ಅಂದರೆ ಮನುಷ್ಯರಿಗೆ! ಪ್ಯಾರಮೀಸಿಯಂ ಇರುವುದು ಮಲೇರಿಯಾ ತರುವ ಪ್ಲಾಸ್ಮೋಡಿಯಂ ಬಳಗದಲ್ಲಿ. ಯೂಗ್ಲಿನಾದ ನೆಂಟ ಆಫ್ರಿಕಾದ ನಿದ್ರಾರೋಗ ತರುವ ಟ್ರಿಪನೊಸೋಮ. ಹಾಗಾದರೆ ಈ ಮೂರನ್ನು ಒಂದು ಗುಂಪು ಮಾಡಿದ್ದು ಏನು? ಪ್ರಾಣಿಯಲ್ಲ, ಸಸ್ಯವಲ್ಲ, ಶಿಲೀಂಧ್ರವೂ ಅಲ್ಲ ಅನ್ನುವುದು ಮಾತ್ರ. ಏನಲ್ಲ ಎಂಬುದರ ಮೇಲೆ ಸಾಮ್ರಾಜ್ಯ ಕಟ್ಟಬಹುದಾ? ನಿಮ್ಮೆಲ್ಲರ ಅಭಿಪ್ರಾಯ ಬೇಕು. ಹಾಗೆಯೇ ಈ ಐದರಲ್ಲಿ ಎಲ್ಲೂ ಇಲ್ಲದ ವೈರಸ್ ಬಗ್ಗೆಯೂ ಬರೆಯಿರಿ.

ಮೇಷ್ಟ್ರು:
ನೀವು ಹೇಳಿದ ಸಂಬಂಧಗಳ ಬಗ್ಗೆ ನನ್ನ ತಕರಾರಿಲ್ಲ. ತೀರ್ಮಾನದ ಬಗ್ಗೆ ಇದೆ.

ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕೊಳದ ನೀರು ನೋಡುವ ಮಗುವನ್ನು ನೆನೆಯಿರಿ. ಅದಕ್ಕೆ ಕಾಣುವುದು ಒಂದೇ ಕೋಶದ, ಒಳಗೆ ನ್ಯೂಕ್ಲಿಯಸ್ ಇರುವ, ಓಡಾಡುವ ಜೀವಿಗಳು. ಪ್ರೊಟಿಸ್ಟ ಅಂತ ಒಂದು ಹೆಸರು ಕೊಟ್ಟರೆ ಮಗು ಮುಂದಿನ ಪ್ರಶ್ನೆ ಕೇಳುತ್ತದೆ. ಸ್ಟ್ರಾಮಿನೋಪೈಲ್, ಆಲ್ವಿಯೊಲೇಟ್, ರೈಝೇರಿಯಾ ಅಂತ ಹೊಸ ಗುಂಪುಗಳ ಹೆಸರಿನಿಂದ ಶುರು ಮಾಡಿದರೆ ಪುಸ್ತಕ ಮುಚ್ಚಿಡುತ್ತದೆ.

ವಿಟೇಕರ್ ಪಟ್ಟಿಯನ್ನು ಸುಮ್ನೆ ತಳ್ಳಿಹಾಕಬೇಡಿ. ಲಿನೇಯಸ್ 1735ರಲ್ಲಿ ಜೀವಿಗಳಿಗೆ ಕೊಟ್ಟಿದ್ದು ಎರಡೇ ಸಾಮ್ರಾಜ್ಯ. ಓಡಾಡದ ಅಣಬೆ ಗಿಡಗಳ ಪಾಲಿಗೆ ಹೋಯಿತು. ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಪ್ರೊಟಿಸ್ಟಾ ಎಂಬ ಮೂರನೆಯದನ್ನು ಸೇರಿಸಿದರೂ ಅಣಬೆಯ ಗೊಂದಲ ಮುಗಿಯಲಿಲ್ಲ. ವಿಟೇಕರ್ ಕೇಳಿದ್ದು, ಈ ಜೀವಿಗೆ ಆಹಾರ ಹೇಗೆ ಸಿಗುತ್ತದೆ ಅಂತ. ಸಸ್ಯ ಬೆಳಕಿನಿಂದ ಮಾಡಿಕೊಳ್ಳುತ್ತದೆ. ಪ್ರಾಣಿ ನುಂಗುತ್ತದೆ. ಶಿಲೀಂಧ್ರ ಹೊರಗೇ ಕರಗಿಸಿ ಹೀರಿಕೊಳ್ಳುತ್ತದೆ. ಈ ಒಂದು ಪ್ರಶ್ನೆಯಿಂದ ಅಣಬೆ ಗಿಡವಲ್ಲ ಅಂತ ಎಲ್ಲರಿಗೂ ಅರ್ಥವಾಯಿತು. ಅದು ದೊಡ್ಡ ಲಾಭ, ಅಲ್ವಾ?

ಪಾಚಿಪ್ರೇಮಿ:
ಲಾಭ ನಿಜ, ಮೇಷ್ಟ್ರೇ. ಆದರೆ ಅದೇ ಪ್ರಶ್ನೆ ದಾರಿ ತಪ್ಪಿಸಿದ್ದೂ ಉಂಟು. ವಿಟೇಕರ್ ತಮ್ಮ ಮೂಲ ಪಟ್ಟಿಯಲ್ಲಿ ಕಂದು ಪಾಚಿಯನ್ನು ಸಸ್ಯಗಳ ಜೊತೆ ಇಟ್ಟರು. ಲೋಳೆ ಬೂಷ್ಟನ್ನು ಶಿಲೀಂಧ್ರದ ಜೊತೆ ಇಟ್ಟರು. ಲೋಳೆ ಬೂಷ್ಟು ನಿಜಕ್ಕೂ ಅಮೀಬಾಗಳ ಬಳಗದ್ದು, ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ಕಂದು ಪಾಚಿಯ ಪೈಕಿ ಕೆಲ್ಪ್ ನೋಡಿ. ಸಮುದ್ರದಡಿಯಲ್ಲಿ ಹತ್ತಾರು ಮೀಟರ್ ಬೆಳೆದು ಕಾಡೇ ಆಗುತ್ತದೆ. ಎಲೆಯ ಹಾಗೆ, ಕಾಂಡದ ಹಾಗೆ ಕಾಣುವ ಭಾಗಗಳೂ ಇವೆ. ಆದರೂ ಅದಕ್ಕೂ ಮರಗಳಿಗೂ ಹತ್ತಿರದ ಸಂಬಂಧ ಇಲ್ಲ. ಅದರ ನೆಂಟರು ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು. ದೇಹದ ರೂಪ ನೋಡಿ ಗುಂಪು ಮಾಡಿದರೆ ಆಗುವುದು ಇದೇ.

ಹೊಸಬ:
ನಾನು ವಿದ್ಯಾರ್ಥಿ. ಒಂದು ಅನುಮಾನ. ಪ್ರೊಟಿಸ್ಟ ಅಂದರೆ ಒಂದೇ ಕೋಶದ್ದು ಅನ್ನುತ್ತೀರಿ. ಯೀಸ್ಟ್ ಕೂಡ ಒಂದೇ ಕೋಶ. ಅದು ಯಾಕೆ ಶಿಲೀಂಧ್ರ?

ಬೆಳೆವೈದ್ಯ:
ಹೊಸಬ, ಕೋಶಗಳ ಎಣಿಕೆ ಇಲ್ಲಿ ಮುಖ್ಯವಲ್ಲ. ಯೀಸ್ಟಿನ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ, ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇದೆ, ಜೀನ್‌ಗಳೂ ಶಿಲೀಂಧ್ರದವೇ. ಅದರ ಪೂರ್ವಜರು ಎಳೆ ಎಳೆಯಾಗಿ ಬೆಳೆಯುತ್ತಿದ್ದವು, ಯೀಸ್ಟ್ ಮತ್ತೆ ಒಂದು ಕೋಶಕ್ಕೆ ಇಳಿದಿದೆ.

ಈಗ ನನ್ನ ಕೆಲಸದ ಕಡೆಯಿಂದ ಒಂದು ಮಾತು. ಬೆಳೆ ರೋಗ ನೋಡುವವರಿಗೆ ಈ ಚರ್ಚೆ ಬರೀ ಪುಸ್ತಕದ್ದಲ್ಲ. ಆಲೂಗಡ್ಡೆಗೆ ಅಂಗಮಾರಿ ತರುವ ಫೈಟಾಫ್ತೊರಾ ಇನ್ಫೆಸ್ಟಾನ್ಸ್ ಗೊತ್ತಲ್ಲ. 1845ರಿಂದ ಐರ್ಲೆಂಡ್‌ನಲ್ಲಿ ಬರಗಾಲಕ್ಕೆ ದಾರಿ ಮಾಡಿ, ಸುಮಾರು 10 ಲಕ್ಷ ಜನ ಸಾಯುವುದಕ್ಕೆ ಕಾರಣವಾದದ್ದು. ಎಳೆ ಬಿಡುತ್ತದೆ, ಬೀಜಕಣ ಉದುರಿಸುತ್ತದೆ, ಎಲೆಯಿಂದ ಆಹಾರ ಹೀರುತ್ತದೆ. ಕಣ್ಣಿಗೆ ಪಕ್ಕಾ ಶಿಲೀಂಧ್ರ. ಅದಕ್ಕೇ ತುಂಬಾ ಕಾಲ ಶಿಲೀಂಧ್ರ ಅಂತಲೇ ಓದಿದೆವು.

ಒಳಗೆ ನೋಡಿದರೆ ಒಂದೊಂದೂ ಬೇರೆ. ಭಿತ್ತಿಯಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್ ಮತ್ತು ಗ್ಲುಕಾನ್ ಎಂಬ ಸಕ್ಕರೆ ಸರಪಳಿಗಳು, ಕೈಟಿನ್ ಅಲ್ಲ. ನೀರಿನಲ್ಲಿ ಈಜುವ ಬೀಜಕಣಕ್ಕೆ ಎರಡು ಕಶಾಂಗ (ಈಜುವ ಬಾಲ). ಅದರಲ್ಲಿ ಒಂದರ ಮೇಲೆ ಸಣ್ಣ ಸಣ್ಣ ರೋಮ. ಈ ಗುರುತು ಇರುವುದು ಕೆಲ್ಪ್ ಮತ್ತು ಡಯಾಟಮ್ ಬಳಗದಲ್ಲಿ. ಅಂದರೆ ಆಲೂಗಡ್ಡೆ ಕೊಲ್ಲುವ ಈ ಜೀವಿ ಅಣಬೆಗಿಂತ ಕೆಲ್ಪ್‌ಗೆ ಹತ್ತಿರ. ಇಂಥವನ್ನು ಊಮೈಸೀಟ್ ಅನ್ನುತ್ತೇವೆ.

ಇದರ ಪರಿಣಾಮ ಔಷಧದ ಮೇಲೆ. ಏಝೋಲ್ ಗುಂಪಿನ ಶಿಲೀಂಧ್ರನಾಶಕಗಳು ಎರ್ಗೋಸ್ಟೆರಾಲ್ ತಯಾರಿಯನ್ನು ತಡೆಯುತ್ತವೆ. ಫೈಟಾಫ್ತೊರಾ ಅದನ್ನು ತಯಾರಿಸುವುದೇ ಇಲ್ಲ, ತನಗೆ ಬೇಕಾದ ಸ್ಟೆರಾಲನ್ನು ಹೊರಗಿನಿಂದ ಪಡೆಯುತ್ತದೆ. ಹಾಗಾಗಿ ಏಝೋಲ್ ಹೊಡೆದು ಪ್ರಯೋಜನ ಇಲ್ಲ. ಮೆಟಲಾಕ್ಸಿಲ್ ಇದಕ್ಕೆ ಉಲ್ಟಾ. ಊಮೈಸೀಟ್ ಮೇಲೆ ಕೆಲಸ ಮಾಡುತ್ತದೆ, ನಿಜವಾದ ಶಿಲೀಂಧ್ರದ ಮೇಲೆ ಮಾಡುವುದಿಲ್ಲ. ಸಂಬಂಧ ಸರಿಯಾಗಿ ಗೊತ್ತಿದ್ದರೆ ಇದನ್ನು ಮೊದಲೇ ಊಹಿಸಬಹುದು. ಆಹಾರದ ರೀತಿ ನೋಡಿ ಗುಂಪು ಮಾಡಿದವರಿಗೆ ಅದು ಆಗುವುದಿಲ್ಲ. ನನ್ನ ಓಟು ಪಾಚಿಪ್ರೇಮಿಗೆ.

ಲ್ಯಾಬ್ ಮೇಡಂ:
ಬೆಳೆವೈದ್ಯರ ಉದಾಹರಣೆ ಚೆನ್ನಾಗಿದೆ. ಆದರೆ ಸಂಬಂಧ ಗೊತ್ತಾದ ತಕ್ಷಣ ಔಷಧ ಗೊತ್ತಾಯಿತು ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ನ್ಯುಮೋಸಿಸ್ಟಿಸ್ ತೆಗೆದುಕೊಳ್ಳಿ. ರೋಗನಿರೋಧಕ ಶಕ್ತಿ ಕುಸಿದವರಿಗೆ, ಮುಖ್ಯವಾಗಿ ಏಡ್ಸ್ ರೋಗಿಗಳಿಗೆ, ನ್ಯುಮೋನಿಯಾ ತರುವ ಜೀವಿ. 1909ರಲ್ಲಿ ಕಾರ್ಲೋಸ್ ಚಾಗಸ್ ಇದನ್ನು ಮೊದಲು ನೋಡಿದಾಗ ಟ್ರಿಪನೊಸೋಮದ ಒಂದು ಹಂತ ಅಂದುಕೊಂಡರು. ಆಮೇಲೂ ಹಲವು ದಶಕ ಪ್ರೋಟೋಜೋವಾ (ಅಮೀಬಾದಂಥ ಏಕಕೋಶ ಜೀವಿ) ಎಂದೇ ನಡೆಯಿತು. 1988ರಲ್ಲಿ ರೈಬೋಸೋಮ್ (ಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರ) ಆರ್‌ಎನ್‌ಎ ಓದಿದಾಗ ಇದು ಶಿಲೀಂಧ್ರ ಅಂತ ಗೊತ್ತಾಯಿತು. ಸರಿ, ಶಿಲೀಂಧ್ರದ ಔಷಧ ಕೊಡೋಣ ಅಂದರೆ ಏಝೋಲ್ ನಡೆಯುವುದಿಲ್ಲ. ಆಂಫೋಟೆರಿಸಿನ್ ಎಂಬ ಇನ್ನೊಂದು ಶಿಲೀಂಧ್ರ ಔಷಧ ಕೂಡ ನಡೆಯುವುದಿಲ್ಲ. ಯಾಕೆ? ಇದರ ಪೊರೆಯಲ್ಲಿ ಎರ್ಗೋಸ್ಟೆರಾಲ್ ಬದಲು ಕೊಲೆಸ್ಟೆರಾಲ್ ಇದೆ. ಇವತ್ತಿಗೂ ಮೊದಲು ಕೊಡುವುದು ಕೋಟ್ರೈಮಾಕ್ಸಜೋಲ್, ಪ್ರೋಟೋಜೋವಾ ಅನ್ನುತ್ತಿದ್ದ ಕಾಲದಲ್ಲಿ ಕೊಡುತ್ತಿದ್ದದ್ದೇ.

ಅಂದರೆ ಗುಂಪು ಬದಲಾಯಿತು, ಚಿಕಿತ್ಸೆ ಬದಲಾಗಲಿಲ್ಲ. ಜೀವಿಯ ಗುಣ ನೋಡದೆ ಬರೀ ವಂಶಾವಳಿ ನಂಬಿದರೆ ರೋಗಿಗೆ ಅಪಾಯ.

ಮೇಷ್ಟ್ರು:
ಲ್ಯಾಬ್ ಮೇಡಂ ಹೇಳಿದ್ದು ನನ್ನ ಮಾತೇ. ಗುಣದಿಂದ ಗುಂಪು ಮಾಡುವುದಕ್ಕೂ ಒಂದು ಬೆಲೆ ಇದೆ.

ಪಾಚಿಪ್ರೇಮಿ:
ಇಲ್ಲ, ಮೇಷ್ಟ್ರೇ. ನ್ಯುಮೋಸಿಸ್ಟಿಸ್‌ನಲ್ಲಿ ಎರ್ಗೋಸ್ಟೆರಾಲ್ ಇಲ್ಲದಿರುವುದು ವಿಚಿತ್ರ ಅಂತ ನಮಗೆ ಅನ್ನಿಸಿದ್ದೇ ಅದು ಶಿಲೀಂಧ್ರ ಅಂತ ಗೊತ್ತಾದ ಮೇಲೆ. ಪ್ರೋಟೋಜೋವಾ ಅಂದುಕೊಂಡಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅದರ ಒಂದು ಹಂತದ ಭಿತ್ತಿಯಲ್ಲಿ ಶಿಲೀಂಧ್ರಗಳ ಹಾಗೆ ಗ್ಲುಕಾನ್ ಇದೆ. ಗ್ಲುಕಾನ್ ತಡೆಯುವ ಔಷಧ ಆ ಹಂತಕ್ಕೆ ತಾಗುತ್ತದೆ. ಅದೂ ಸಂಬಂಧದಿಂದ ಬಂದ ಸುಳಿವು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ನನಗೆ ತುಂಬಾ ಇಷ್ಟವಾದದ್ದು. ಮಲೇರಿಯಾ ಪರೋಪಜೀವಿಯ ಒಳಗೆ ಒಂದು ಸಣ್ಣ ಅಂಗ ಇದೆ, ಹೆಸರು ಏಪಿಕೋಪ್ಲಾಸ್ಟ್. ಅದು ಕ್ಲೋರೋಪ್ಲಾಸ್ಟ್‌ನ ಬಳಗದ್ದು! ಬಹಳ ಹಿಂದೆ ಅದರ ಪೂರ್ವಜ ಒಂದು ಪಾಚಿಯನ್ನು ನುಂಗಿ ಒಳಗೇ ಇಟ್ಟುಕೊಂಡಿತು. ಬೆಳಕಿನಿಂದ ಆಹಾರ ಮಾಡುವ ಶಕ್ತಿ ಹೋಯಿತು, ಅಂಗ ಉಳಿಯಿತು. ರಕ್ತದಲ್ಲಿ ಬದುಕುವ ಜೀವಿಯಲ್ಲಿ ಪಾಚಿಯ ಕುರುಹು ಇದೆ ಅಂತ ಯಾರಾದರೂ ಊಹಿಸುತ್ತಿದ್ದರಾ? ಆ ಅಂಗಕ್ಕೆ ಬ್ಯಾಕ್ಟೀರಿಯಾದ ಹಾಗೆಯೇ ತನ್ನದೇ ರೈಬೋಸೋಮ್ ಇದೆ. ಡಾಕ್ಸಿಸೈಕ್ಲಿನ್ ಎಂಬ ಬ್ಯಾಕ್ಟೀರಿಯಾ ಔಷಧ ಮಲೇರಿಯಾ ತಡೆಯಲು ಉಪಯೋಗಕ್ಕೆ ಬರುವುದು ಅದಕ್ಕೇ. ಇಂಥ ಜೀವಿಯನ್ನು ಪ್ರೊಟಿಸ್ಟಾ ಸಾಮ್ರಾಜ್ಯದ್ದು ಅಂದು ಮುಗಿಸಿದರೆ ಈ ಕಥೆ ಯಾವುದೂ ಹೊರಗೆ ಬರುವುದಿಲ್ಲ.

ಲ್ಯಾಬ್ ಮೇಡಂ:
ಏಪಿಕೋಪ್ಲಾಸ್ಟ್ ಬಗ್ಗೆ ನಿಮ್ಮ ಮಾತು ಒಪ್ಪಿದೆ. ವಂಶ ಹೇಳಿಕೊಟ್ಟದ್ದನ್ನು ಆಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲೇಬೇಕು ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಹೊಸಬ:
ಹಾಗಾದರೆ ಪ್ರಾಣಿ ಮತ್ತು ಶಿಲೀಂಧ್ರ ಹತ್ತಿರದ ನೆಂಟರು ಅಂತ ಎಲ್ಲೋ ಓದಿದೆ. ಅದು ನಿಜಾನಾ? ಅಣಬೆ ಗಿಡಕ್ಕಿಂತ ನಮಗೆ ಹತ್ತಿರ ಅಂದರೆ ನಂಬೋದು ಕಷ್ಟ.

ಬೆಳೆವೈದ್ಯ:
ನಿಜ. 1993ರಿಂದ ಅದಕ್ಕೆ ಜೀನ್‌ಗಳ ಗಟ್ಟಿ ಪುರಾವೆ ಸಿಗುತ್ತಾ ಬಂದಿದೆ. ಕಣ್ಣಿಗೆ ಕಾಣುವ ಗುರುತೂ ಇದೆ. ನಮ್ಮ ವೀರ್ಯಾಣುವಿಗೆ ಹಿಂಬದಿಯಲ್ಲಿ ಒಂದೇ ಬಾಲ. ಕೈಟ್ರಿಡ್ ಎಂಬ ಶಿಲೀಂಧ್ರದ ಈಜುವ ಬೀಜಕಣಕ್ಕೂ ಹಿಂಬದಿಯಲ್ಲಿ ಒಂದೇ ಬಾಲ. ಈ ಇಡೀ ಬಳಗಕ್ಕೆ ಒಪಿಸ್ಥೊಕಾಂಟ್ ಅನ್ನುತ್ತಾರೆ. ಸಕ್ಕರೆಯನ್ನು ಗಿಡ ಪಿಷ್ಟವಾಗಿ ಕೂಡಿಡುತ್ತದೆ, ನಾವೂ ಶಿಲೀಂಧ್ರವೂ ಗ್ಲೈಕೋಜನ್ ಆಗಿ ಕೂಡಿಡುತ್ತೇವೆ. ಪ್ರಾಣಿಗಳಿಗೆ ಇನ್ನೂ ಹತ್ತಿರದವು ಕೊಯನೊಫ್ಲಾಜೆಲೇಟ್‌ಗಳು. ಒಂದೇ ಕೋಶ, ಬಾಲದ ಸುತ್ತ ಒಂದು ಪಟ್ಟಿ. ಸ್ಪಂಜಿನ ಒಳಗೆ ಇಂಥದೇ ಕೋಶಗಳಿವೆ. ಹಳೆಯ ಪಟ್ಟಿಯಲ್ಲಿ ಇವೂ ಪ್ರೊಟಿಸ್ಟಾ.

ಮನುಷ್ಯರ ಶಿಲೀಂಧ್ರ ರೋಗಕ್ಕೆ ಒಳ್ಳೆಯ ಔಷಧಗಳು ಕಡಿಮೆ ಇರುವುದಕ್ಕೂ ಇದು ಒಂದು ಕಾರಣ. ಕೋಶದ ಒಳಗಿನ ಯಂತ್ರ ಎರಡರಲ್ಲೂ ಒಂದೇ ತರಹ. ಶಿಲೀಂಧ್ರಕ್ಕೆ ಹೊಡೆದರೆ ನಮಗೂ ತಾಗುತ್ತದೆ.

ಕ್ಯಾಪ್ಸಿಡ್:
ವೈರಸ್ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ವೈರಸ್‌ಗಳನ್ನೂ ಜೀವಿಗಳ ಜೊತೆ ಕಲಿಸಬೇಕು. 2003ರಲ್ಲಿ ಮಿಮಿವೈರಸ್ ಅನ್ನು ಗುರುತಿಸಿದರು. 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಒಂದು ಕೂಲಿಂಗ್ ಟವರ್ ನೀರಿನ ಅಮೀಬಾದಲ್ಲಿ ಸಿಕ್ಕಿದ್ದು ಅದು. ಗಾತ್ರ ನೋಡಿ ಅದನ್ನು ಬ್ಯಾಕ್ಟೀರಿಯಾ ಅಂದುಕೊಂಡಿದ್ದರು. ಅದರ ಡಿಎನ್‌ಎಯಲ್ಲಿ ಸುಮಾರು 12 ಲಕ್ಷ ಅಕ್ಷರಗಳು. ಮೈಕೋಪ್ಲಾಸ್ಮಾ ಜೆನಿಟಾಲಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಇರುವುದು ಸುಮಾರು 5.8 ಲಕ್ಷ. ಸಾಲದು ಅಂತ, ಮಿಮಿವೈರಸ್ ಬಳಗದ ಒಂದು ವೈರಸ್‌ನ ಬೆನ್ನು ಹತ್ತುವ ಸ್ಪುಟ್ನಿಕ್ ಎಂಬ ಇನ್ನೊಂದು ವೈರಸ್ 2008ರಲ್ಲಿ ಸಿಕ್ಕಿತು. ಇದನ್ನೆಲ್ಲ ನಿರ್ಜೀವ ಅಂತ ಹೇಗೆ ಬಿಡುವುದು?

ಮೇಷ್ಟ್ರು:
ದೊಡ್ಡದಿದ್ದ ಮಾತ್ರಕ್ಕೆ ಜೀವಿ ಆಗುತ್ತದಾ? ಮಿಮಿವೈರಸ್‌ಗೂ ರೈಬೋಸೋಮ್ ಇಲ್ಲ. ತನ್ನ ಪ್ರೋಟೀನ್ ತಾನೇ ಮಾಡಿಕೊಳ್ಳಲಾರದು. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ತಂಬಾಕಿನ ಮೊಸಾಯಿಕ್ ವೈರಸ್ಸನ್ನು ಹರಳು ಮಾಡಿ ತೋರಿಸಿದರು. ಆ ಹರಳನ್ನು ಕರಗಿಸಿ ಎಲೆಗೆ ಹಚ್ಚಿದರೆ ಮತ್ತೆ ರೋಗ ಬರುತ್ತಿತ್ತು. ಉಪ್ಪಿನ ಹಾಗೆ ಹರಳಾಗುವುದನ್ನು ಜೀವಿ ಅನ್ನುವುದು ಹೇಗೆ?

ಪಾಚಿಪ್ರೇಮಿ:
ನನ್ನ ಅಳತೆಗೋಲು ಇಲ್ಲೂ ಅದೇ. ಸಜೀವವಾ ನಿರ್ಜೀವವಾ ಅನ್ನುವುದು ಬೇರೆ ಪ್ರಶ್ನೆ. ಒಂದೇ ಪೂರ್ವಜ ಇದೆಯಾ? ಕೋಶ ಇರುವ ಜೀವಿಗಳೆಲ್ಲಕ್ಕೂ ರೈಬೋಸೋಮ್ ಇದೆ. ಅದರ ಆರ್‌ಎನ್‌ಎ ಹೋಲಿಸಿಯೇ 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಬ್ಯಾಕ್ಟೀರಿಯಾದ ಹಾಗೆ ಕಂಡರೂ ಬೇರೆಯೇ ವಂಶದ ಆರ್ಕಿಯಾ ಎಂಬ ಜೀವಿಗಳನ್ನು ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದರು. ಮೊನೆರಾ ಸಾಮ್ರಾಜ್ಯ ಒಡೆದದ್ದು ಹಾಗೆ. ವೈರಸ್‌ಗಳಲ್ಲಿ ಎಲ್ಲಕ್ಕೂ ಸಾಮಾನ್ಯವಾದ ಒಂದು ಜೀನ್ ಕೂಡ ಇಲ್ಲ. ಹಾಗಾಗಿ ವೈರಸ್ ಎಂಬ ಆರನೇ ಸಾಮ್ರಾಜ್ಯ ಮಾಡಿದರೆ ಪ್ರೊಟಿಸ್ಟಾ ತಪ್ಪನ್ನೇ ಮತ್ತೆ ಮಾಡಿದ ಹಾಗೆ.

ಕ್ಯಾಪ್ಸಿಡ್:
ಒಂದೇ ಸಾಮ್ರಾಜ್ಯ ನಾನೂ ಕೇಳುತ್ತಿಲ್ಲ. ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ ಇದನ್ನು ಚೆನ್ನಾಗಿ ನಿಭಾಯಿಸಿದೆ. ರಿಯಲ್ಮ್ ಎಂಬ ಮೇಲಿನ ಹಂತ ಮಾಡಿ, 2018ರಲ್ಲಿ ರೈಬೋವೈರಿಯಾ ಎಂಬ ಮೊದಲ ರಿಯಲ್ಮ್ ಘೋಷಿಸಿತು. ಫ್ಲೂ, ಪೋಲಿಯೊ, ಕೊರೊನಾ ವೈರಸ್‌ಗಳೆಲ್ಲ ಅದರಲ್ಲಿವೆ. ಸಿಡುಬಿನ ವೈರಸ್ ಬೇರೆ ರಿಯಲ್ಮ್, ಹರ್ಪಿಸ್ ಇನ್ನೊಂದು. ಒಂದು ರಿಯಲ್ಮ್‌ಗೂ ಇನ್ನೊಂದಕ್ಕೂ ಒಂದೇ ಪೂರ್ವಜ ಇರಬೇಕು ಅಂತ ಅವರು ಹೇಳುವುದೇ ಇಲ್ಲ. ಶಾಲೆಯಲ್ಲಿ ಇಷ್ಟಾದರೂ ಹೇಳಬಹುದಲ್ಲ.

ಹೊಸಬ:
ಈಗ ಪರೀಕ್ಷೆಯಲ್ಲಿ ಯೂಗ್ಲಿನಾ ಯಾವ ಸಾಮ್ರಾಜ್ಯ ಅಂತ ಕೇಳಿದರೆ ಏನು ಬರೆಯಲಿ?

ಮೇಷ್ಟ್ರು:
ಪುಸ್ತಕದಲ್ಲಿ ಐದು ಸಾಮ್ರಾಜ್ಯ ಇದ್ದರೆ ಪ್ರೊಟಿಸ್ಟಾ ಅಂತ ಬರೆ. ಅಂಕ ಕಳೆದುಕೊಳ್ಳಬೇಡ. ಆದರೆ ನನ್ನ ತರಗತಿಯಲ್ಲಿ ಬೋರ್ಡಿನ ಮೇಲೆ ಇನ್ನು ಬರೆಯುವುದು ಮರದ ಚಿತ್ರ. ಪ್ರೊಟಿಸ್ಟ ಅನ್ನುವ ಹೆಸರು ಉಳಿಸಿಕೊಳ್ಳುತ್ತೇನೆ, ಒಂದೇ ಕೋಶದಲ್ಲಿ ಬದುಕುವ ರೀತಿ ಹೇಳುವುದಕ್ಕೆ. ಆ ಮರದ ಒಂದು ಕೊಂಬೆ ಅಂತ ಬರೆಯುವುದಿಲ್ಲ.

ಪಾಚಿಪ್ರೇಮಿ:
ಅಷ್ಟು ಸಾಕು ನನಗೆ, ಮೇಷ್ಟ್ರೇ. ಅಣಬೆಯನ್ನೂ ಪ್ರಾಣಿಯನ್ನೂ ಒಂದೇ ಕವಲಲ್ಲಿ ಬರೆಯಿರಿ, ಅಮೀಬಾವನ್ನು ಅದರ ಪಕ್ಕದಲ್ಲಿ. ಕೆಲ್ಪ್ ಹಸಿರು ಗಿಡಗಳಿಂದ ದೂರ ಇರಲಿ. ಯೂಗ್ಲಿನಾ ಪಕ್ಕದಲ್ಲಿ ಒಂದು ಮಾತು ಸೇರಿಸಿ: ಅದರ ಹಸಿರು ಅದರದ್ದಲ್ಲ, ನುಂಗಿದ ಹಸಿರು ಪಾಚಿಯಿಂದ ಬಂದದ್ದು. ಮಕ್ಕಳು ಅದನ್ನು ಮರೆಯುವುದಿಲ್ಲ.

ಮೇಷ್ಟ್ರು:
ಆಗಲಿ. ವೈರಸ್ ಮಾತ್ರ ಮರದ ಹೊರಗೆ.

ಕ್ಯಾಪ್ಸಿಡ್:
ಹೊರಗೇ ಇರಲಿ, ಆದರೆ ಅಲ್ಲಿಂದ ಕೊಂಬೆಗಳಿಗೆ ಬಾಣದ ಗುರುತು ಎಳೆಯಿರಿ. ಬ್ಯಾಕ್ಟೀರಿಯಾ, ಆರ್ಕಿಯಾ, ಅಮೀಬಾ, ಪಾಚಿ, ಅಣಬೆ, ಗಿಡ, ಪ್ರಾಣಿ, ಎಲ್ಲಕ್ಕೂ ವೈರಸ್ ಇದೆ. ನಮ್ಮ ಡಿಎನ್‌ಎಯ ಸುಮಾರು ಶೇಕಡಾ 8ರಷ್ಟು ಹಳೆಯ, ತಮ್ಮ ಜೀನನ್ನು ಕೋಶದ ಡಿಎನ್ಎಗೆ ಸೇರಿಸುವ ರೆಟ್ರೋವೈರಸ್‌ಗಳಿಂದ ಬಂದದ್ದು. ಗರ್ಭದಲ್ಲಿ ಮಾಸು ಬೆಳೆಯುವಾಗ ಕೋಶಗಳನ್ನು ಬೆಸೆಯುವ ಸಿನ್ಸಿಟಿನ್ ಜೀನ್ ಕೂಡ ಅಂಥದೇ ಒಂದು ವೈರಸ್ಸಿನದು. ಆ ಬಾಣ ಬಿಟ್ಟರೆ ಪ್ರಾಣಿಗಳ ಕೊಂಬೆಯನ್ನೂ ಪೂರ್ತಿ ಬರೆದ ಹಾಗೆ ಆಗುವುದಿಲ್ಲ.