‘ದಿ ಲಾಸ್ಟ್ ವರ್ಲ್ಡ್’: ಮಗಳಿಗೆ ಯಾವ ಸಿನಿಮಾ ಮೊದಲು ತೋರಿಸಲಿ?

ಕೇಳಿದ್ದು

ನನ್ನ ಮಗಳಿಗೆ ಹನ್ನೊಂದು ವರ್ಷ. ಡೈನೋಸಾರ್ ಅಂದರೆ ಪ್ರಾಣ. ಈ ರಜೆಯಲ್ಲಿ ಆರ್ಥರ್ ಕಾನನ್ ಡಾಯ್ಲ್ ಬರೆದ ‘ದಿ ಲಾಸ್ಟ್ ವರ್ಲ್ಡ್’ ಕಾದಂಬರಿಯ ಮಕ್ಕಳ ಆವೃತ್ತಿ ಓದಿದಳು. ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತು. ಮೂಗಿನ ತುದಿಯಲ್ಲೇ ಸಿಟ್ಟಿರುವ ಪ್ರೊಫೆಸರ್ ಚಾಲೆಂಜರ್, ಅವರ ಮಾತು ನಂಬದ ಪ್ರೊಫೆಸರ್ ಸಮ್ಮರ್ಲೀ, ಬೇಟೆಗಾರ ಲಾರ್ಡ್ ಜಾನ್ ರಾಕ್ಸ್‌ಟನ್, ಪತ್ರಿಕೆ ವರದಿಗಾರ ಮಲೋನ್. ಈ ನಾಲ್ವರು ಅಮೆಜಾನ್ ಕಾಡಿನ ನಡುವೆ ಗೋಡೆಯ ಹಾಗೆ ಎದ್ದು ನಿಂತ ಪ್ರಸ್ಥಭೂಮಿಯನ್ನು ಹತ್ತುತ್ತಾರೆ. ಅದರ ಮೇಲೆ ಡೈನೋಸಾರ್‌ಗಳು ಇನ್ನೂ ಬದುಕಿವೆ.

ಈಗ ಅವಳಿಗೆ ಸಿನಿಮಾ ಬೇಕು. ಹುಡುಕಿದರೆ ಇದೇ ಹೆಸರಲ್ಲಿ ರಾಶಿ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ? ಯಾವುದನ್ನು ಬಿಡಲಿ? ಇನ್ನೊಂದು ವಿಷಯ. ಪುಸ್ತಕ ಮುಚ್ಚಿದ ಕೂಡಲೇ ಅವಳು ಕೇಳಿದ್ದು, “ಅಮ್ಮಾ, ಒಬ್ಬ ಹುಡುಗಿನೂ ಯಾಕೆ ಹೋಗಲಿಲ್ಲ?” ನನಗೆ ಉತ್ತರ ಹೊಳೆಯಲಿಲ್ಲ. ಮಕ್ಕಳ ಜೊತೆ ನೋಡಿದವರು, ಓದಿದವರು ಹೇಳಿ.

ರಾತ್ರಿ ಓದಿ ಹೇಳುವ ಅಪ್ಪ

ಸಿನಿಮಾಗಿಂತ ಮೊದಲು ಪೂರ್ತಿ ಪುಸ್ತಕ ಓದಿ ಹೇಳಿ. ಹಕ್ಕುಸ್ವಾಮ್ಯ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 1912ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ ಇದು. ಒಟ್ಟು 16 ಅಧ್ಯಾಯ. ನಾವು ದಿನಕ್ಕೊಂದು ಮುಗಿಸಿದೆವು. ನಾನು ಮನಸ್ಸಲ್ಲೇ ಇಂಗ್ಲಿಷ್ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ಮೊದಲೆರಡು ದಿನ ತಡವರಿಕೆ, ಆಮೇಲೆ ಸರಾಗ.

ನಾನೂ ಮೊದಲು ಮಕ್ಕಳ ಆವೃತ್ತಿಯನ್ನೇ ತಂದಿದ್ದೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿಯನ್ನೇ ಕತ್ತರಿಸಿದ್ದರು. ಪ್ರಸ್ಥಭೂಮಿ ಹತ್ತಿದ ಹೊಸದರಲ್ಲಿ ಇವರು ಇಗ್ವಾನೊಡಾನ್ ಎಂಬ ಡೈನೋಸಾರ್‌ಗಳ ಒಂದು ಹಿಂಡನ್ನು ನೋಡುತ್ತಾರೆ. ಅವುಗಳ ಮೈಮೇಲೆ ಡಾಂಬರು ಮೆತ್ತಿದ ಹಾಗೆ ಒಂದು ಗುರುತು. ಏನಿದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ಅಧ್ಯಾಯ ಕಳೆದ ಮೇಲೆ ಗೊತ್ತಾಗುತ್ತದೆ: ಅಲ್ಲಿನ ಜನ ಅವನ್ನು ದನಗಳ ಹಾಗೆ ಸಾಕಿದ್ದಾರೆ, ಯಾರ ಪ್ರಾಣಿ ಯಾವುದು ಅಂತ ಗೊತ್ತಾಗಲಿ ಎಂದು ಹಾಕಿದ ಗುರುತು ಅದು! ನನ್ನ ಮಗ ಹಾಸಿಗೆಯಿಂದ ಎದ್ದು ಕೂತುಬಿಟ್ಟ. ಕುರಿಗೆ ಬಣ್ಣ ಬಳಿಯುವುದನ್ನು ಅವನು ಅಜ್ಜಿ ಊರಲ್ಲಿ ನೋಡಿದ್ದಾನೆ.

ಮುಜುಗರ ಆಗುವ ಜಾಗಗಳೂ ಇವೆ. ಚಾಲೆಂಜರ್ ಸಿಟ್ಟಿನಲ್ಲಿ ತನ್ನ ಹೆಂಡತಿಯನ್ನು ಎತ್ತಿ ಏಳು ಅಡಿ ಎತ್ತರದ ಕಲ್ಲಿನ ಪೀಠದ ಮೇಲೆ ಕೂರಿಸುತ್ತಾನೆ. ಲೇಖಕರಿಗೆ ಅದು ತಮಾಷೆ. ಕರಿಯರ ಬಗ್ಗೆ, ಅಲ್ಲಿನ ಮೂಲನಿವಾಸಿಗಳ ಬಗ್ಗೆ ಬರುವ ಮಾತುಗಳೂ ಆ ಕಾಲದ ಬಿಳಿಯರ ದರ್ಪದವು. ಆ ಪ್ರಸ್ಥಭೂಮಿಯಲ್ಲಿರುವ ವಾನರ ಮನುಷ್ಯರನ್ನು ಸಾಮೂಹಿಕವಾಗಿ ಕೊಲ್ಲುವ ಅಧ್ಯಾಯವಂತೂ ಓದಲು ಕಷ್ಟ. ನಾನು ಹಾರಿಸಲಿಲ್ಲ. ನಿಲ್ಲಿಸಿ ಮಾತಾಡಿದೆ.

ನಿಮ್ಮ ಮಗಳ ಪ್ರಶ್ನೆಗೆ ಪುಸ್ತಕದಲ್ಲಿರುವುದು ಇಷ್ಟು. ಗ್ಲಾಡಿಸ್ ಎಂಬ ಹುಡುಗಿ, ದೊಡ್ಡ ಸಾಹಸ ಮಾಡಿದವನನ್ನೇ ಮದುವೆ ಆಗೋದು ಅನ್ನುತ್ತಾಳೆ. ಅದಕ್ಕೇ ಮಲೋನ್ ಹೊರಡುವುದು. ಜೀವ ಕೈಯಲ್ಲಿ ಹಿಡಿದು ವಾಪಸ್ ಬಂದರೆ ಅವಳು ಒಬ್ಬ ವಕೀಲರ ಗುಮಾಸ್ತನನ್ನು ಮದುವೆ ಆಗಿರುತ್ತಾಳೆ.

ಮೂಕಿಚಿತ್ರದ ಹುಚ್ಚು ಹಿಡಿದವಳು

ಸಿನಿಮಾಗಳಲ್ಲಿ 1925ರದ್ದೇ ಮೊದಲು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಹ್ಯಾರಿ ಹಾಯ್ಟ್ ನಿರ್ದೇಶನ, ವಾಲೆಸ್ ಬೀರಿ ಚಾಲೆಂಜರ್. ಆದರೆ ಜೀವಾಳ ವಿಲ್ಲಿಸ್ ಓಬ್ರಿಯನ್ ಆಡಿಸಿದ ಡೈನೋಸಾರ್ ಗೊಂಬೆಗಳು.

ಒಂದು ಎಚ್ಚರ. ಯಾವ ಪ್ರತಿ ಅಂತ ನೋಡಿಕೊಳ್ಳಿ. ನಾನು ಮೊದಲು ನೋಡಿದ್ದು ಒಂದು ಗಂಟೆ ಆಸುಪಾಸಿನ ಮಸುಕು ಪ್ರತಿ. ದೃಶ್ಯದಿಂದ ದೃಶ್ಯಕ್ಕೆ ನೆಗೆಯುತ್ತಿತ್ತು. ಹಳೇ ಸಿನಿಮಾ ಅಂದರೆ ಹೀಗೇ ಇರುತ್ತೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, 1929ರಲ್ಲಿ ಚಿತ್ರಮಂದಿರಗಳಿಂದ ಇದರ ಪ್ರತಿಗಳನ್ನು ವಾಪಸ್ ಪಡೆದಿದ್ದರು. ಮೂಲ ಕಾಣೆಯಾಗಿ, ಮನೆಯಲ್ಲಿ ನೋಡುವುದಕ್ಕೆಂದು ಕತ್ತರಿಸಿದ ಚಿಕ್ಕ ಆವೃತ್ತಿಯೇ ದಶಕಗಳ ಕಾಲ ಉಳಿದದ್ದು. ಮುಂದೆ ಜೆಕ್ ದೇಶದ ಸಂಗ್ರಹದಲ್ಲಿ ಹೆಚ್ಚು ಭಾಗಗಳಿರುವ ಪ್ರತಿ ಸಿಕ್ಕಿತು. ಅದನ್ನೂ ಬೇರೆ ತುಣುಕುಗಳನ್ನೂ ಜೋಡಿಸಿ 1998ರಲ್ಲಿ ಒಮ್ಮೆ, 2016ರಲ್ಲಿ ಇನ್ನೂ ಪೂರ್ಣವಾಗಿ ಮತ್ತೊಮ್ಮೆ ದುರಸ್ತಿ ಮಾಡಿದರು. ಸುಮಾರು 100 ನಿಮಿಷದ್ದು ಸಿಕ್ಕರೆ ಅದನ್ನೇ ನೋಡಿ.

ಮಾತಿಲ್ಲದ ಸಿನಿಮಾ ಮಕ್ಕಳಿಗೆ ಬೇಜಾರಾಗುತ್ತೆ ಅನ್ನುತ್ತಾರೆ. ನನ್ನ ಅನುಭವ ಉಲ್ಟಾ. ತೆರೆ ಮೇಲೆ ಬರೆದ ಸಾಲು ಬಂದಾಗಲೆಲ್ಲ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅಕ್ಕನ ಮಕ್ಕಳು ಮೂವರೂ ಮಧ್ಯೆ ಮಧ್ಯೆ ಕೂಗುತ್ತಾ ನೋಡಿದರು. ಇಂಗ್ಲಿಷ್ ಉಚ್ಚಾರಣೆ ಅರ್ಥವಾಗದ ತೊಂದರೆಯೇ ಇಲ್ಲ ಅಲ್ವಾ?

ಗೊಂಬೆಗಳನ್ನು ಮಾಡಿದವರು ಮಾರ್ಸೆಲ್ ಡೆಲ್ಗಾಡೊ. ಒಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ, ಮೇಲೆ ರಬ್ಬರ್ ಚರ್ಮ. ಚೂರೇ ಚೂರು ಕಾಲು ಸರಿಸು, ಒಂದು ಫೋಟೋ ತೆಗಿ. ಮತ್ತೆ ಸರಿಸು, ಮತ್ತೆ ತೆಗಿ. ಕೆಲವು ಗೊಂಬೆಗಳ ಹೊಟ್ಟೆಯೊಳಗೆ ಗಾಳಿಚೀಲ ಇಟ್ಟಿದ್ದರು. ಅದರಿಂದ ಪಕ್ಕೆ ಏರಿ ಇಳಿಯುತ್ತದೆ. ಪ್ರಾಣಿ ಸುಮ್ನೆ ನಿಂತಿರುವಾಗ ಅದರ ಹೊಟ್ಟೆಯ ಕಡೆ ನೋಡು ಅಂತ ಮಗಳಿಗೆ ಹೇಳಿ. ನೂರು ವರ್ಷದ ಹಿಂದಿನ ಗೊಂಬೆ ಉಸಿರಾಡುವುದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಸಿನಿಮಾ ಬರುವ ಮೊದಲೇ ನಡೆದ ಒಂದು ಕಥೆ ಇದೆ, ಅದನ್ನೂ ಹೇಳಿ. 1922ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕದ ಜಾದೂಗಾರರ ಸಂಘದ ಔತಣ. ಹೆಸರಾಂತ ಜಾದೂಗಾರ ಹೂಡಿನಿ ಕರೆದಿದ್ದರು. ಕಾನನ್ ಡಾಯ್ಲ್ ಅಲ್ಲಿಗೆ ಓಬ್ರಿಯನ್ ತೆಗೆದ ಪರೀಕ್ಷಾ ತುಣುಕನ್ನು ಒಯ್ದು ತೋರಿಸಿದರು. ನಿಜವೋ ಸುಳ್ಳೋ ಬಾಯಿ ಬಿಡಲಿಲ್ಲ. ಕಣ್ಕಟ್ಟೇ ಕಸುಬಾದ ಜನ ಬೆರಗಾಗಿ ಕೂತರು. ಮಾರನೇ ದಿನ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸುದ್ದಿ. ಆಮೇಲೆ ಅವರೇ ಪತ್ರ ಬರೆದು ಗುಟ್ಟು ಬಿಟ್ಟುಕೊಟ್ಟರು.

ಕಥೆಯಲ್ಲಿ ದೊಡ್ಡ ಬದಲಾವಣೆ ಎರಡು. ಪುಸ್ತಕದಲ್ಲಿ ಲಂಡನ್‌ಗೆ ತರುವುದು ಟೆರೊಡಾಕ್ಟಿಲ್ ಎಂಬ ಹಾರುವ ಸರೀಸೃಪದ ಒಂದು ಮರಿ. ಕ್ವೀನ್ಸ್ ಹಾಲ್‌ನ ಸಭೆಯಲ್ಲಿ ಪೆಟ್ಟಿಗೆ ತೆರೆದರೆ ಅದು ಕಿಟಕಿಯಿಂದ ಹಾರಿಹೋಗುತ್ತದೆ. ಸಿನಿಮಾದಲ್ಲಿ ಉದ್ದ ಕತ್ತಿನ ದೈತ್ಯ ಡೈನೋಸಾರ್, ಇಡೀ ಬ್ರಾಂಟೋಸಾರಸ್ಸನ್ನೇ ತರುತ್ತಾರೆ! ಅದು ಬೀದಿಯಲ್ಲಿ ದಾಂಧಲೆ ಮಾಡಿ, ಭಾರಕ್ಕೆ ಟವರ್ ಬ್ರಿಡ್ಜ್ ಮುರಿದು, ಥೇಮ್ಸ್ ನದಿಗೆ ಬಿದ್ದು ಈಜಿಕೊಂಡು ಹೋಗುತ್ತದೆ. ಊರೊಳಗೆ ದೈತ್ಯ ಪ್ರಾಣಿ ನುಗ್ಗುವ ಸಿನಿಮಾಗಳಿಗೆಲ್ಲ ಇದೇ ದಾರಿ ತೋರಿಸಿದ್ದು ಅಂತ ನಾನು ನಂಬಿದ್ದೇನೆ. ಓಬ್ರಿಯನ್, ಡೆಲ್ಗಾಡೊ ಇಬ್ಬರೂ ಮುಂದೆ 1933ರಲ್ಲಿ ‘ಕಿಂಗ್ ಕಾಂಗ್’ ಮಾಡಿದರು.

ಎರಡನೇ ಬದಲಾವಣೆ ನಿಮ್ಮ ಮಗಳಿಗೆ ಬೇಕಾದದ್ದು. ಪುಸ್ತಕದಲ್ಲಿ ಆ ಜಾಗವನ್ನು ಮೊದಲು ಕಂಡ ಚಿತ್ರಕಾರ ಮೇಪಲ್ ವೈಟ್ ಸತ್ತುಹೋಗಿರುತ್ತಾನೆ, ಅಷ್ಟೇ. ಸಿನಿಮಾದವರು ಅವನಿಗೆ ಪೌಲಾ ಎಂಬ ಮಗಳನ್ನು ಸೃಷ್ಟಿಸಿದರು. ಬೆಸ್ಸಿ ಲವ್ ಆ ಪಾತ್ರ ಮಾಡಿದ್ದಾರೆ. ಅಪ್ಪನನ್ನು ಹುಡುಕಿಕೊಂಡು ಅವಳೂ ಹೊರಡುತ್ತಾಳೆ. ಆದರೆ ಹೋದಮೇಲೆ ಜಾಸ್ತಿ ಕೆಲಸ ಕೊಟ್ಟಿಲ್ಲ. ಭಯಪಡುವುದು, ಪ್ರೀತಿಸುವುದು, ಅಷ್ಟೇ. ಬಿಳಿಯ ನಟನೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯನ ಪಾತ್ರ ಮಾಡಿದ್ದಾನೆ. ಅದು ತಪ್ಪು ಅಂತ ಮಗುವಿಗೆ ಮೊದಲೇ ಹೇಳಿಬಿಡಿ.

ಮಲೆನಾಡಿನವನು

1960ರದ್ದನ್ನು ತೋರಿಸಬೇಡಿ. ಇರ್ವಿನ್ ಆಲೆನ್ ನಿರ್ದೇಶನ, ಬಣ್ಣದ ಸಿನಿಮಾ, ಕ್ಲಾಡ್ ರೇನ್ಸ್ ಥರದ ದೊಡ್ಡ ನಟ ಚಾಲೆಂಜರ್. ನೋಡೋಣ ಅಂತ ಮಗನನ್ನು ಕೂರಿಸಿಕೊಂಡೆ. ಮೊದಲ ‘ಡೈನೋಸಾರ್’ ಬಂದ ತಕ್ಷಣ ಅವನು, “ಅಪ್ಪಾ, ಇದು ಓತಿ ಥರ ಇದೆ, ಕೊಂಬು ಅಂಟಿಸಿದಾರೆ” ಅಂದ. ನಿಜ. ಇನ್ನೊಂದಂತೂ ಉಡದ ಜಾತಿಯದೇ. ನಮ್ಮ ತೋಟದ ಅಂಚಲ್ಲಿ ಬಿಸಿಲು ಕಾಯಿಸುತ್ತಾ ಮಲಗುವ ಉಡ. ಅದನ್ನು ಒಂದು ಚಿಕ್ಕ ಮೊಸಳೆ ಜೊತೆ ಕಾದಾಡಲು ಬಿಟ್ಟು ಚಿತ್ರೀಕರಿಸಿದ್ದಾರೆ. ಗೊಂಬೆ ಅಲ್ಲ, ಜೀವಂತ ಪ್ರಾಣಿಗಳು. ಮಗ ಟೀವಿ ಆರಿಸು ಅಂದ. ಆರಿಸಿದೆ.

ಬೇಜಾರಿನ ಸಂಗತಿ ಏನೆಂದರೆ ಆ ಸಿನಿಮಾದ ತಂಡದಲ್ಲಿ ಓಬ್ರಿಯನ್ ಅವರೇ ಇದ್ದರು. ಹೆಸರೂ ಬರುತ್ತದೆ. ಆದರೆ ಅವರ ಕೈಚಳಕದ ಗೊಂಬೆಗಳಿಗೆ ಅವಕಾಶ ಕೊಡಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡರು. ಆ ಕೈಗಳಿದ್ದೂ ಪಾಪದ ಓತಿಗೆ ಕೊಂಬು ಅಂಟಿಸಿದರಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಹುಡುಗಿ ಇದ್ದಾಳೆ, ಜೆನ್ನಿಫರ್ ಅಂತ. ಕಾಡಿಗೆ ಮುದ್ದಿನ ಪೂಡಲ್ ನಾಯಿ ಎತ್ತಿಕೊಂಡು ಬರುತ್ತಾಳೆ.

ಭೂಗೋಳ ಮೇಷ್ಟ್ರು

ಸಿನಿಮಾ ಜೊತೆಗೆ ರೊರೈಮಾ ಬೆಟ್ಟದ ಫೋಟೋ ತೋರಿಸಿ. ವೆನೆಜುವೆಲಾ, ಬ್ರೆಜಿಲ್, ಗಯಾನಾ ಮೂರೂ ಸೇರುವ ಜಾಗ, ಸುಮಾರು 2,800 ಮೀಟರ್ ಎತ್ತರ, ಸುತ್ತಲೂ ಕಡಿದಾದ ಗೋಡೆ, ಮೇಲೆ ಚಪ್ಪಟೆ. 1884ರಲ್ಲಿ ಎವೆರಾರ್ಡ್ ಇಮ್ ಥರ್ನ್ ಅದನ್ನು ಹತ್ತಿದ ಸುದ್ದಿ ಇಂಗ್ಲೆಂಡಿನಲ್ಲಿ ದೊಡ್ಡ ಕುತೂಹಲ ಹುಟ್ಟಿಸಿತ್ತು. ಬೊಲಿವಿಯಾ ಕಡೆಯ ಕಾಡುಗಳನ್ನು ಅಳೆದ ಪರ್ಸಿ ಫಾಸೆಟ್ ಹೇಳಿದ ಪ್ರಸ್ಥಭೂಮಿಯೂ ಕಾನನ್ ಡಾಯ್ಲ್ ಕಿವಿಗೆ ಬಿದ್ದಿತ್ತು. ನನ್ನ ತರಗತಿಯಲ್ಲಿ ಮಕ್ಕಳು ಆ ಫೋಟೋ ನೋಡಿದ ಮೇಲೆ ಕೇಳುವುದು ಒಂದೇ: “ಸರ್, ಮೇಲೆ ಏನಿದೆ?” ಕಪ್ಪೆಗಳಿವೆ, ಹುಳ ತಿನ್ನುವ ಗಿಡಗಳಿವೆ. ಬೇರೆಲ್ಲೂ ಸಿಗದ ಜಾತಿಗಳೂ ಇವೆ. ಕಾದಂಬರಿಯ ಊಹೆಗೆ ಬುಡವೇ ಇಲ್ಲ ಅಂತೇನಿಲ್ಲ.

ಮುಂದೆ ಬಂದ ಸಿನಿಮಾಗಳು ಈ ಬೆಟ್ಟವನ್ನೇ ಕೈಬಿಟ್ಟವು. 1992ರದ್ದು ಆಫ್ರಿಕಾಕ್ಕೆ ಹೋಯಿತು, 1998ರದ್ದು ಮಂಗೋಲಿಯಾಕ್ಕೆ. ಎರಡನ್ನೂ ಬಿಟ್ಟರೆ ನಷ್ಟವಿಲ್ಲ. 1992ರದ್ದರಲ್ಲಿ ಜಾನ್ ರೈಸ್-ಡೇವಿಸ್ ಒಳ್ಳೆಯ ಚಾಲೆಂಜರ್. ರಾಕ್ಸ್‌ಟನ್ ಜಾಗಕ್ಕೆ ಒಬ್ಬ ಮಹಿಳಾ ಛಾಯಾಗ್ರಾಹಕಿಯನ್ನು ತಂದದ್ದು ಮೆಚ್ಚುವಂಥದ್ದು. ಡೈನೋಸಾರ್ ಮಾತ್ರ ನೋಡಲಾಗದು.

ಧಾರಾವಾಹಿ ನೋಡಿ ಬೆಳೆದವಳು

1999ರಿಂದ 2002ರವರೆಗೆ ಆಸ್ಟ್ರೇಲಿಯಾದಲ್ಲಿ ತೆಗೆದ ಟೀವಿ ಸರಣಿ ಬಂತು. ಮೂರು ಸೀಸನ್, 66 ಕಂತು. ಮಾರ್ಗರೀಟ್, ವೆರೋನಿಕಾ ಎಂಬ ಇಬ್ಬರು ಹೆಣ್ಣುಮಕ್ಕಳು. ವೆರೋನಿಕಾ ಅಲ್ಲೇ ಬೆಳೆದವಳು, ಮರದ ಮನೆ ಅವಳದೇ. ದಾರಿ ಗೊತ್ತಿರುವುದು ಅವಳಿಗೆ, ಕಾಪಾಡುವವಳೂ ಅವಳೇ. ಆಗ ನನಗೆ ಅವಳೇ ದೇವರು. ಆದರೆ ಹನ್ನೊಂದಕ್ಕೆ ಬೇಡ. ಅವಳ ಬಟ್ಟೆ ಕಾಡಿಗೆ ಹೊಂದುವಂಥದ್ದಲ್ಲ, ಕ್ಯಾಮೆರಾಗೆ ಹಾಕಿಸಿದ್ದು. ಹಲ್ಲಿಮನುಷ್ಯರು, ಮಾಟಗಾತಿಯರು ಎಲ್ಲ ಬಂದು ಕಾದಂಬರಿ ಎಲ್ಲೋ ಉಳಿದುಹೋಯಿತು. ಕೊನೆಗೆ ಎಲ್ಲರೂ ಸಂಕಟದಲ್ಲಿರುವಾಗಲೇ ಸರಣಿ ನಿಂತುಹೋಯಿತು. ಆ ನೋವು ಮಗುವಿಗೆ ಬೇಡ.

ಇಬ್ಬರು ಮಕ್ಕಳ ತಾಯಿ

ನನ್ನ ಮತ 2001ರ ಬಿಬಿಸಿಯದ್ದಕ್ಕೆ. ಎರಡು ಭಾಗ. ಬಾಬ್ ಹಾಸ್ಕಿನ್ಸ್ ಚಾಲೆಂಜರ್. ಕುಳ್ಳಗೆ, ಗುಂಡಗೆ, ಗುಡುಗಿನ ಹಾಗೆ ಮಾತಾಡುತ್ತಾರೆ. ಪುಸ್ತಕದಿಂದ ಎದ್ದು ಬಂದ ಹಾಗಿದ್ದಾರೆ. ಸಮ್ಮರ್ಲೀ ಜೊತೆಗಿನ ಜಗಳ ನೋಡುವುದೇ ಒಂದು ಸುಖ. ಚಿತ್ರೀಕರಣ ನ್ಯೂಜಿಲೆಂಡಿನಲ್ಲಿ.

ಇದರಲ್ಲಿ ಆಗ್ನೆಸ್ ಎಂಬ ಹುಡುಗಿ ಇದ್ದಾಳೆ. ಕಾಡಂಚಿನ ಮಿಷನ್‌ನಲ್ಲಿ ಚಿಕ್ಕಪ್ಪನ ಜೊತೆ ಬೆಳೆದವಳು. ಅವಳಿಗೆ ಅಲ್ಲಿನ ಭಾಷೆ ಬರುತ್ತದೆ, ಅದಕ್ಕೇ ತಂಡಕ್ಕೆ ಅವಳು ಬೇಕು. ಚಿಕ್ಕಪ್ಪನ ಪಾತ್ರದಲ್ಲಿ ಪೀಟರ್ ಫಾಕ್. ಡೈನೋಸಾರ್ ಇರುವುದು ಗೊತ್ತಾದರೆ ತನ್ನ ನಂಬಿಕೆಗೆ ಧಕ್ಕೆ ಅಂತ ಹೆದರುವ ಪಾದ್ರಿ. ಪುಸ್ತಕದಲ್ಲಿ ಅವನಿಲ್ಲ.

ನನಗೆ ಹಿಡಿಸಿದ್ದು ಕೊನೆ. ಪುಸ್ತಕದಲ್ಲಿ ಲಂಡನ್ ಜನ ಇವರನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಇಲ್ಲಿ, ಜನ ಅಲ್ಲಿಗೆ ನುಗ್ಗಿದರೆ ಆ ಜಾಗದ ಗತಿ ಏನಾಗುತ್ತೆ ಅಂತ ಯೋಚಿಸಿ, ಚಾಲೆಂಜರ್ ತಾನು ಹೇಳಿದ್ದೆಲ್ಲ ಸುಳ್ಳು ಅಂದುಬಿಡುತ್ತಾನೆ. ಅಂಥ ಅಹಂಕಾರಿ, ತುಂಬಿದ ಸಭೆಯಲ್ಲಿ! ನನ್ನ ದೊಡ್ಡವಳು ಅತ್ತಳು. ಚಿಕ್ಕವನಿಗೆ ಆಗ ಏಳು, ವಾನರ ಮನುಷ್ಯರ ಜಗಳ ನೋಡಿ ಎರಡು ರಾತ್ರಿ ನನ್ನ ಪಕ್ಕವೇ ಮಲಗಿದ. ಹನ್ನೊಂದಕ್ಕೆ ತೊಂದರೆಯಿಲ್ಲ, ಪಕ್ಕದಲ್ಲಿ ಕೂತಿರಿ.

ಒಂದು ಸಣ್ಣ ಎಚ್ಚರಿಕೆ

ಇದೇ ಹೆಸರಲ್ಲಿ 1997ರ ಸ್ಪೀಲ್‌ಬರ್ಗ್ ಸಿನಿಮಾ ಇದೆ, ‘ಜುರಾಸಿಕ್ ಪಾರ್ಕ್’ ಸರಣಿಯ ಎರಡನೆಯದು. ಅದು ಮೈಕಲ್ ಕ್ರೈಟನ್ ಅವರ 1995ರ ಕಾದಂಬರಿಯದು. ಹೆಸರನ್ನು ಕಾನನ್ ಡಾಯ್ಲ್‌ರಿಂದ ಪಡೆದದ್ದು, ಕಥೆ ಬೇರೆ. ನಾನು ಗೊತ್ತಿಲ್ಲದೆ ಅದನ್ನೇ ಹಾಕಿ, ಚಾಲೆಂಜರ್ ಯಾವಾಗ ಬರ್ತಾನೆ ಅಂತ ಮಗಳು ಕೊನೆವರೆಗೂ ಕಾದಳು. ಆದರೆ ಕೊನೆಯಲ್ಲಿ ಟಿ. ರೆಕ್ಸ್ ಹಡಗಿನಿಂದ ಇಳಿದು ಸ್ಯಾನ್ ಡಿಯೇಗೊ ಬೀದಿಗೆ ಬರುತ್ತದೆ. 1925ರದ್ದನ್ನು ಮೊದಲು ನೋಡಿದ್ದರೆ ಮಕ್ಕಳೇ ಗುರುತು ಹಿಡಿಯುತ್ತಾರೆ.

ರಾತ್ರಿ ಓದಿ ಹೇಳುವ ಅಪ್ಪ, ಮತ್ತೊಮ್ಮೆ

ಒಂದು ಮಾತು ಬಿಟ್ಟಿದ್ದೆ. ಇದಾದ ಮೇಲೆ ತೇಜಸ್ವಿಯವರ ‘ಕರ್ವಾಲೊ’ ಓದಿ ಹೇಳಿ. ಅಲ್ಲೂ ಒಬ್ಬ ವಿಜ್ಞಾನಿ, ಒಂದಕ್ಕೊಂದು ತಾಳೆಯಿಲ್ಲದ ಜನರ ತಂಡ, ಕಾಲದ ಆಚೆಯಿಂದ ಬಂದ ಹಾಗಿರುವ ಹಾರುವ ಓತಿ. ಅದೂ ಕೊನೆಗೆ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಕ್ವೀನ್ಸ್ ಹಾಲ್ ಕಿಟಕಿಯಿಂದ ಟೆರೊಡಾಕ್ಟಿಲ್ ಹೋದಾಗ ನನ್ನ ಮಗ “ಅಯ್ಯೋ” ಅಂದಿದ್ದ. ಇಲ್ಲಿ ಅವನು ಏನೂ ಅನ್ನಲಿಲ್ಲ. ತುಂಬಾ ಹೊತ್ತು ಸುಮ್ಮನೆ ಕೂತಿದ್ದ.

ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪುಸ್ತಕ ಒಂಬತ್ತನೇ ಅಧ್ಯಾಯಕ್ಕೆ ಬಂದಿದೆ. ತಡೆಯಲಾಗದೆ ಭಾನುವಾರ 1925ರದ್ದು ನೋಡಿದೆವು, ದೊಡ್ಡ ಪ್ರತಿಯೇ ಸಿಕ್ಕಿತು. ಹೊಟ್ಟೆ ಏರಿಳಿಯುವುದು ನನಗಿಂತ ಮೊದಲು ಅವಳಿಗೇ ಕಂಡಿತು. ಎರಡು ಸಲ ಹಿಂದೆ ಹಾಕಿಸಿ ನೋಡಿದಳು. ಸೋಮವಾರದಿಂದ ಊಟದ ಮೇಜು ನಮ್ಮದಲ್ಲ. ಜೇಡಿಮಣ್ಣಿನ ಬ್ರಾಂಟೋಸಾರಸ್, ರಟ್ಟಿನ ಬೆಟ್ಟ, ಪುಸ್ತಕಗಳಿಗೆ ಒರಗಿಸಿಟ್ಟ ನನ್ನ ಹಳೇ ಫೋನ್. 120 ಫೋಟೋ ತೆಗೆದರೆ ಹತ್ತು ಸೆಕೆಂಡ್ ಸಿನಿಮಾ ಆಯಿತು. ಬೆಟ್ಟದ ತುದಿಯಲ್ಲಿ ಒಂದು ಮನುಷ್ಯ ಗೊಂಬೆ ನಿಲ್ಲಿಸಿದ್ದಾಳೆ. ಯಾರಿದು ಅಂದೆ. “ಚಾಲೆಂಜರ್. ಗಡ್ಡ ಇಲ್ಲ, ಜಡೆ ಇದೆ” ಅಂದಳು.

ಈಗ ಒಂದೇ ತೊಂದರೆ. ಉಸಿರಾಡಿಸಬೇಕು ಅಂತ ಬ್ರಾಂಟೋಸಾರಸ್ ಒಳಗೆ ಬಲೂನ್ ಇಟ್ಟಳು, ಹೊಟ್ಟೆ ಎರಡು ಸಲ ಸೀಳಿಹೋಯಿತು. ಜೇಡಿಮಣ್ಣಿನ ಬದಲು ಏನು ಬಳಸಬಹುದು ಅಂತ ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ. ನಾಳೆ ಸಂಜೆ ಮತ್ತೆ ಚಿತ್ರೀಕರಣ ಇದೆ.